ಬೆಂಕಿಕಡ್ಡಿ ಗಾಜಿನ ಕಡೆಗಿರಲಿ

ಸುಂಡ್ಸ್‌ವಾಲ್
೯ ಜನವರಿ ೧೯೯೬

ಗುನ್‌ವೋರ್,

ನಿನ್ನಕ್ಕನ ಬಳ್ಳಿ ಸಾಯುತ್ತಿದೆ. ಕುಶಲ ಸಮಾಚಾರ ಆಮೇಲೆ, ಅದೂ ಅಷ್ಟಕ್ಕಷ್ಟೆ.

ಅಡುಗೆಮನೆ ಕಿಟಕಿಯ ಸುತ್ತ ದಾರ ಕಟ್ಟಿ ಹಬ್ಬಿಸಿದ್ದಳಲ್ಲ ಡಾಗ್ನಿ, ನಿಮ್ಮಮ್ಮನ ಕಾಲದ ಪಿಂಗಾಣಿ ಹೂವಿನ ಬಳ್ಳಿ, ಅದೇ. ಅಕ್ಟೋಬರಿನಲ್ಲಿ ಅವಳನ್ನು ಮಣ್ಣು ಮಾಡಿ ಬಂದಾಗ ಚೆನ್ನಾಗಿಯೇ ಇತ್ತು. ಈಗ ಎಲೆಗಳು ಹಳದಿ ತಿರುಗಿ ಉದುರುತ್ತಿವೆ. ಉಳಿದವು ಮುದುಕನ ಕಿವಿಯ ಹಾಗೆ ಸುಕ್ಕುಗಟ್ಟಿವೆ. ಬೆಳಗ್ಗೆ ಎದ್ದು ಮೊದಲು ಮಾಡುವ ಕೆಲಸ ಎಲೆ ಗುಡಿಸುವುದು. ಸಾಮಿಲ್ಲಿನಲ್ಲಿ ಜನ್ಮವೆಲ್ಲ ಮರ ನೋಡಿದವನು ನಾನು, ಯಾವ ಮರವೂ ನನ್ನನ್ನು ಇಷ್ಟು ಸತಾಯಿಸಲಿಲ್ಲ.

ಮರೆತಿದ್ದೇನೆ ಅಂದುಕೊಳ್ಳಬೇಡ. ದಿನಾ ಬೆಳಗ್ಗೆ ಕಾಫಿಗೆ ನೀರಿಡುವಾಗ ಅದಕ್ಕೂ ಒಂದು ಲೋಟ ಹೊಯ್ಯುತ್ತೇನೆ. ಇನ್ನೇನು ಮಾಡಬೇಕು? ಹಾಡು ಹೇಳಿ ಮಲಗಿಸಬೇಕೆ? ಎದುರುಮನೆ ಬೆರಿತ್ ಬಂದು ನೋಡಿ ಕಾಫಿ ಗಸಿ ಹಾಕು ಎಂದಳು. ಹಾಕಿದೆ. ಈಗ ಸಾಯುತ್ತಿರುವ ಬಳ್ಳಿಯ ಜೊತೆಗೆ ಬೂಷ್ಟೂ ಬಂದಿದೆ.

ಡಾಗ್ನಿ ನನಗೆ ಇದರ ಬಗ್ಗೆ ಏನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇನೋ. ಸಾಯುವವರ ಹತ್ತಿರ ಯಾರು ಹೂಕುಂಡದ ವಿಷಯ ಕೇಳುತ್ತಾರೆ?

ಏನು ಮಾಡಬೇಕೆಂದು ಬರಿ. ಫೋನು ಮಾಡಬೇಡ. ಸಾಮಿಲ್ಲಿನ ಗರಗಸ ನನ್ನ ಕಿವಿ ತಿಂದಾಗಿದೆ, ಫೋನಿನಲ್ಲಿ ಯಾರು ಮಾತಾಡಿದರೂ ಡಬ್ಬದಲ್ಲಿ ಜೇನುನೊಣ ಕೂಡಿಟ್ಟ ಹಾಗೆ ಕೇಳಿಸುತ್ತದೆ.

ಏವರ್ಟ್


ಮಾಲ್ಮೊ
೧೮ ಜನವರಿ ೧೯೯೬

ಏವರ್ಟ್,

ಅಕ್ಕನ ಮದುವೆಯಾದ ಲಾಗಾಯ್ತಿನಿಂದ ನಿನ್ನ ಕೈಯಿಂದ ನನಗೆ ಬಂದ ಮೊದಲ ಕಾಗದ ಇದು. ಅದೂ ಬಳ್ಳಿಯ ಪುಣ್ಯದಿಂದ.

ನೀರು ನಿಲ್ಲಿಸು. ಕಾಫಿ ಗಸಿಯನ್ನು ಬೆರಿತ್‌ಳ ಮನೆಗೇ ವಾಪಸು ಕಳಿಸು. ಅದು ಬಿಸಿನಾಡಿನ ಗಿಡ, ಆ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಚಳಿಗಾಲವಿಡೀ ಮಲಗಿರುತ್ತದೆ. ಮಲಗಿದವರ ಬಾಯಿಗೆ ಯಾರಾದರೂ ದಿನಾ ನೀರು ಹೊಯ್ಯುತ್ತಾರೆಯೇ? ಬೆರಳನ್ನು ಮಣ್ಣಿಗೆ ಚುಚ್ಚು. ಒಳಗೆ ಒಣಗಿದ್ದರೆ ಮಾತ್ರ ಹಾಕು, ಅದೂ ಉಗುರುಬೆಚ್ಚಗಿನದು.

ಕುಂಡವನ್ನು ತಿರುಗಿಸಬೇಡ. ಮಣ್ಣಿನಲ್ಲಿ ಡಾಗ್ನಿ ಒಂದು ಬೆಂಕಿಕಡ್ಡಿ ಚುಚ್ಚಿಟ್ಟಿರುತ್ತಾಳೆ, ಅಮ್ಮ ಕಲಿಸಿದ್ದು. ಕಡ್ಡಿ ಯಾವಾಗಲೂ ಗಾಜಿನ ಕಡೆಗಿರಬೇಕು. ಕಿಟಕಿ ಒರೆಸಲು ಕುಂಡ ಎತ್ತಿದರೂ ಮತ್ತೆ ಅದೇ ಮುಖಕ್ಕೆ ಇಡಲು ಆ ಗುರುತು. ಬೆಳಕು ಬರುವ ದಿಕ್ಕು ಬದಲಾದರೆ ಈ ಬಳ್ಳಿ ಮುನಿಸಿಕೊಳ್ಳುತ್ತದೆ. ಹಾಗೆಯೇ, ಒಣಗಿದ ಕಡ್ಡಿಯಂತೆ ಕಾಣುವ ಮೋಟು ತೊಟ್ಟುಗಳಿರುತ್ತವೆ. ನಿನ್ನ ಕೈ ಕತ್ತರಿಯ ಹತ್ತಿರ ಹೋಗುವ ಮೊದಲೇ ಹೇಳುತ್ತೇನೆ, ಅವನ್ನು ಮುಟ್ಟಬೇಡ. ಪ್ರತಿ ವರ್ಷ ಹೂ ಬರುವುದು ಅದೇ ಹಳೇ ಮೋಟುಗಳಿಂದ.

ಈ ಬೇಸಿಗೆ ಅದು ಹೂ ಬಿಡಬೇಕು. ಚಿಕ್ಕವರಿದ್ದಾಗ ನಾನೂ ಅಕ್ಕನೂ ಹೂವಿನಿಂದ ಮೇಜಿನ ಮೇಣಬಟ್ಟೆಯ ಮೇಲೆ ಬಿದ್ದ ಸಿಹಿ ಹನಿಗಳನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದೆವು. ಈ ಬೇಸಿಗೆಯೇ ಬಿಡಬೇಕು, ಏವರ್ಟ್. ನಿನ್ನ ಕೈಲಿ ಆಗದಿದ್ದರೆ ಒಂದು ತುಂಡು ಕತ್ತರಿಸಿ ಒದ್ದೆ ಕಾಗದದಲ್ಲಿ ಸುತ್ತಿ ನನಗೆ ಕಳಿಸು.

ಗುನ್‌ವೋರ್


ಸುಂಡ್ಸ್‌ವಾಲ್
೪ ಫೆಬ್ರವರಿ ೧೯೯೬

ಗುನ್‌ವೋರ್,

ಮೊದಲು ಒಂದು ಮಾತು. ಇದೇನು ಅಕ್ಷರ? ಹಾಳೆಗೆ ನಾಲ್ಕಾರು ಸಾಲು, ಒಂದೊಂದು ಅಕ್ಷರವೂ ಆಲೂಗಡ್ಡೆ ಗಾತ್ರ. ನಾನು ಹದಿಮೂರಕ್ಕೇ ಶಾಲೆ ಬಿಟ್ಟು ಸಾಮಿಲ್ಲಿಗೆ ಸೇರಿದವನು, ನಿಜ. ನೀನು ಅಂಚೆ ಕಚೇರಿಯಲ್ಲಿ ಗಾಜಿನ ಹಿಂದೆ ಕೂತು ಬಿಳಿ ಕಾಲರಿನ ರವಿಕೆ ಹಾಕಿದವಳು, ಅದೂ ನಿಜ. ಹಾಗೆಂದು ನನಗೆ ಮಗುವಿಗೆ ಬರೆದ ಹಾಗೆ ಬರೆಯಬೇಕಾಗಿಲ್ಲ. ಪತ್ರಿಕೆಯಲ್ಲಿ ಸತ್ತವರ ಪಟ್ಟಿಯನ್ನು ನಾನು ಕನ್ನಡಕವಿಲ್ಲದೆ ಓದುತ್ತೇನೆ.

ಬೆಂಕಿಕಡ್ಡಿ ಇತ್ತು. ಯಾರೋ ಪೈಪು ಹಚ್ಚಿ ಅಲ್ಲಿ ಚುಚ್ಚಿದ್ದಾರೆ ಎಂದು ತಿಳಿದು ನಾನೇ ಎಸೆದೆ. ಮನೆಯಲ್ಲಿ ಪೈಪು ಸೇದುವವನು ನಾನೊಬ್ಬನೇ, ಅದು ಆಮೇಲೆ ಹೊಳೆಯಿತು.

ನೀರು ನಿಲ್ಲಿಸಿದ್ದೇನೆ. ಎಲೆ ಬೀಳುವುದು ನಿಂತಿಲ್ಲ.

ತುಂಡು ಕಳಿಸುವುದಿಲ್ಲ. ಮುಚ್ಚುಮರೆ ನನಗೆ ಬರುವುದಿಲ್ಲ, ಹೇಳಿಬಿಡುತ್ತೇನೆ. ನಿನ್ನ ಕಣ್ಣು ಆ ಬಳ್ಳಿಯ ಮೇಲಿದೆ. ಡಾಗ್ನಿಯನ್ನು ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತಾಗ ನಾನು ನಿನ್ನ ಹತ್ತಿರ ಮಾತಾಡುತ್ತಿದ್ದೆ, ಅವಳ ಕೊನೆಯ ವಾರದ ವಿಷಯ. ನೀನು ನನ್ನ ಮುಖ ಸಹ ನೋಡಲಿಲ್ಲ. ಕತ್ತು ತಿರುಗಿಸಿಕೊಂಡು ಕಿಟಕಿಯ ಬಳ್ಳಿಯನ್ನೇ ನೋಡುತ್ತಾ ಏಲಕ್ಕಿ ಬನ್ನು ತಿಂದೆ. ಅಕ್ಕನನ್ನು ಮಣ್ಣು ಮಾಡಿದ ದಿನವೇ ಆಸ್ತಿ ಅಳೆಯುವವರನ್ನು ನಾನು ಬೇರೆಡೆ ನೋಡಿದ್ದೆ, ನಮ್ಮ ಮನೆಯಲ್ಲಿ ನೋಡಿರಲಿಲ್ಲ.

ಇನ್ನು, ಜೂನಿನಲ್ಲಿ ಆ ಸಿಹಿ ಹನಿಯನ್ನು ನೀವಿಬ್ಬರು ನೆಕ್ಕಿದಿರಿ, ಸಂತೋಷ. ಮದುವೆಯಾದ ಮೇಲೆ ಒರೆಸಿದವನು ನಾನು. ಮೇಜಿಗೆ ಮೊಣಕೈ ಊರಿದರೆ ಅಂಟು, ಪತ್ರಿಕೆ ಇಟ್ಟರೆ ಅಂಟು. ಅದಕ್ಕಾಗಿ ನಾನು ಅವಳನ್ನು ಬೈಯದ ಜೂನ್ ಇಲ್ಲ.

ಏವರ್ಟ್


ಮಾಲ್ಮೊ
೨೫ ಫೆಬ್ರವರಿ ೧೯೯೬

ಏವರ್ಟ್,

ಪೆನ್ನು ದಪ್ಪ. ಅಷ್ಟೇ.

ಆ ದಿನದ ವಿಷಯಕ್ಕೆ ನಾನು ಉತ್ತರ ಕೊಡುವುದಿಲ್ಲ. ನಿನಗೆ ಬೇಕಾದ ಹಾಗೆ ತಿಳಿದುಕೋ.

ಆದರೆ ನೀನು ನನ್ನಿಂದ ಏನನ್ನೋ ಬಚ್ಚಿಡುತ್ತಿದ್ದೀಯ. ನೀರು ಹೆಚ್ಚಾದರೆ ಎಲೆ ಹಳದಿಯಾಗುತ್ತದೆ, ಹೌದು. ನೀರು ನಿಲ್ಲಿಸಿದ ಮೇಲೂ ಹೀಗೆ ಉದುರುವುದಿಲ್ಲ. ಆ ಬಳ್ಳಿ ಯುದ್ಧದ ಕಾಲದ ಚಳಿಯಲ್ಲಿ, ಸೌದೆಯಿಲ್ಲದ ಮನೆಯಲ್ಲಿ ಬದುಕಿದ್ದು. ಅಮ್ಮನಿಗೆ ಕೆಮ್ಮು ಬಂದಾಗಲೂ ಬದುಕಿತು, ಬೆಕ್ಕು ಹತ್ತಿದಾಗಲೂ ಬದುಕಿತು. ನಿನ್ನ ಕೈಗೆ ಬಂದು ಮೂರು ತಿಂಗಳಿಗೆ ಸಾಯಬೇಕಾದರೆ ನೀನು ಏನೋ ಮಾಡಿದ್ದೀಯ.

ಕುಂಡ ಎಲ್ಲಿದೆ?

ಗುನ್‌ವೋರ್


ಸುಂಡ್ಸ್‌ವಾಲ್
೧೦ ಮಾರ್ಚ್ ೧೯೯೬

ಗುನ್‌ವೋರ್,

ಕುಂಡ ಮೆಟ್ಟಿಲ ಮೇಲಿತ್ತು. ಹಿಂಬಾಗಿಲ ಒಳಗಿನ ಮೆಟ್ಟಿಲು, ಬೂಟು ಬಿಡುವ ಜಾಗ. ಸರಿಯಾ? ಈಗ ಸಮಾಧಾನವಾಯಿತಾ?

ಹೇಗೆಂದು ಹೇಳುತ್ತೇನೆ. ಪ್ರತಿ ವರ್ಷ ಡಿಸೆಂಬರಿಗೆ ಮೊದಲು ಕ್ರಿಸ್‌ಮಸ್ ಹಬ್ಬಕ್ಕೆಂದು ಈ ರಸ್ತೆಯ ಒಂದೊಂದು ಮನೆಯವರೂ ಕಿಟಕಿಯಲ್ಲಿ ಏಳು ದೀಪದ ಕಮಾನು ಇಡುತ್ತಾರೆ, ಪ್ರತಿ ಕಿಟಕಿಗೂ ಒಂದು. ಮಧ್ಯಾಹ್ನಕ್ಕೇ ಕತ್ತಲಾಗುವ ಊರಿನಲ್ಲಿ ಅದೊಂದು ಚಂದ. ನಮ್ಮ ಮನೆಯಲ್ಲಿ ಮಾತ್ರ ಅಡುಗೆಮನೆ ಕಿಟಕಿ ಕತ್ತಲೆ. ಡಾಗ್ನಿ ಬಿಡುತ್ತಿರಲಿಲ್ಲ. ರಸ್ತೆಗೆ ಮುಖ ಮಾಡಿದ್ದೇ ಆ ಕಿಟಕಿ! ಕೇಳಿದರೆ "ಅಲ್ಲಿ ಜಾಗ ಇಲ್ಲ, ಬಿಡಿ" ಎನ್ನುತ್ತಿದ್ದಳು. ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಈ ಸಲ ಬೆರಿತ್ ಗೇಟಿನಲ್ಲೇ ನಿಂತು ನನ್ನ ಕಿವಿಗೆ ಕೂಗಿದಳು:

"ಏನಯ್ಯಾ ಏವರ್ಟ್, ಊರಿಗೆಲ್ಲ ದೀಪ, ನಿನ್ನ ಕಿಟಕಿಗೊಂದೇ ಗ್ರಹಣಾನಾ?"

"ಡಾಗ್ನಿ ಇಡ್ತಿರ್ಲಿಲ್ಲ."

"ಅವಳಿದ್ದಾಗ ಕತ್ಲೆ ಇದ್ರೂ ಮನೇಲಿ ಜನ ಇದ್ದಾರೆ ಅನ್ನಿಸ್ತಿತ್ತು. ಈಗ ನೋಡಿದ್ರೆ ಯಾರೂ ಇಲ್ವೇನೋ ಅನ್ಸತ್ತೆ ಕಣೋ. ನಂಗೆ ಆಚೆ ನೋಡಕ್ಕೇ ಆಗಲ್ಲ."

ಆ ಮಾತು ಚುಚ್ಚಿತು. ಅಂಗಡಿಗೆ ಹೋಗಿ ಕಮಾನು ತಂದೆ. ದಾರದಿಂದ ಬಳ್ಳಿ ಬಿಡಿಸಿ, ಪೊರಕೆ ಕೋಲಿಗೆ ಸುತ್ತಿ, ಮೆಟ್ಟಿಲ ಮೇಲಿಟ್ಟೆ. ಜನವರಿ ನಡುವಿಗೆ ದೀಪ ತೆಗೆಯುತ್ತೇವಲ್ಲ, ಆಗ ವಾಪಸು ಇಟ್ಟರಾಯಿತು ಎಂದುಕೊಂಡೆ. ನಿನಗೆ ಮೊದಲ ಕಾಗದ ಬರೆಯುವಾಗ ಅದು ಅಲ್ಲೇ ಇತ್ತು. ಬಾಗಿಲು ತೆಗೆದಾಗಲೆಲ್ಲ ಹಿಮದ ಗಾಳಿ ಅದರ ಮುಖಕ್ಕೇ.

ಈಗ ಕಿಟಕಿಗೇ ತಂದಿಟ್ಟಿದ್ದೇನೆ. ಬಿಡಿಸುವಾಗ ಎರಡು ಕವಲು ಮುರಿದವು, ಹಾಲು ಸುರಿಯಿತು. ದಾರ ಮತ್ತೆ ಕಟ್ಟಿದ್ದೇನೆ, ನನ್ನ ಬೆರಳಿಗೆ ಆ ಗಂಟು ಬರುವುದಿಲ್ಲ. ಹೊಸ ಬೆಂಕಿಕಡ್ಡಿಯನ್ನೂ ಚುಚ್ಚಿದ್ದೇನೆ. ಮೊದಲು ಯಾವ ಮುಖ ಗಾಜಿನ ಕಡೆಗಿತ್ತೋ ದೇವರೇ ಬಲ್ಲ. ಅಂದಾಜಿಗೆ ಇಟ್ಟೆ.

ಬೈಯುವುದಾದರೆ ಬೈ. ಮಾಮೂಲಿ ಅಕ್ಷರದಲ್ಲಿ ಬೈ.

ಏವರ್ಟ್


ಮಾಲ್ಮೊ
೨೭ ಮಾರ್ಚ್ ೧೯೯೬

ಏವರ್ಟ್,

ಜಾಗ ಇಲ್ಲ ಎಂದು ಆಕೆ ಹೇಳಿದ್ದು ಸುಳ್ಳಲ್ಲ. ಆ ಕಿಟಕಿ ಬಳ್ಳಿಯದು. ಊರಿಗೆ ಚಂದ ಕಾಣಲು ಒಂದು ತಿಂಗಳ ದೀಪ, ಅದಕ್ಕೋಸ್ಕರ ಅದನ್ನು ಬೂಟುಗಳ ಜೊತೆ ಇಟ್ಟೆ. ಅವಳ ಜೊತೆ ಅಷ್ಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದೆ, ಯಾಕೆ ಎಂದು ಒಂದು ಸಲವೂ ಎದ್ದು ಹೋಗಿ ನೋಡಲಿಲ್ಲ.

ಈ ಬೇಸಿಗೆ ಇನ್ನು ಹೂ ಬರುವುದಿಲ್ಲ. ನನಗೆ ಗೊತ್ತು, ನೀನು ಸುಮ್ಮನೆ ಆಸೆ ತೋರಿಸಬೇಡ.

ನನಗೆ ಇನ್ನು ಬರೆಯಬೇಡ.

ಗುನ್‌ವೋರ್


ಸುಂಡ್ಸ್‌ವಾಲ್
೨೮ ಏಪ್ರಿಲ್ ೧೯೯೬

ಗುನ್‌ವೋರ್,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ.

ನಿನ್ನ ಕಾಗದ ನನಗೆ ಮೊನ್ನೆ ಸಿಕ್ಕಿತು. ಅದು ಬೇರೆ ಯಾವುದೋ ಊರಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಲಕೋಟೆ ತುಂಬ ಮುದ್ರೆ ಒತ್ತಿಸಿಕೊಂಡು ಬಂತು. ಪಿನ್‌ಕೋಡ್ ತಪ್ಪು. ರಸ್ತೆಯ ಹೆಸರಿನ ಮೇಲೇ ನನ್ನ ಹೆಸರನ್ನೂ ಬರೆದಿದ್ದೀಯ, ಎರಡೂ ಕಲಸಿಹೋಗಿವೆ. ಜೀವಮಾನವಿಡೀ ಬೇರೆಯವರ ವಿಳಾಸ ತಿದ್ದಿದವಳು!

ಕೋಪದಲ್ಲಿ ಗೀಚಿದ್ದೀಯ ಅಂದುಕೊಂಡೆ. ಒಳಗೂ ಸಾಲಿನ ಮೇಲೆ ಸಾಲು ಹತ್ತಿತ್ತು. ಓದಲಾಗದೆ ಬೆರಿತ್‌ಳನ್ನು ಕರೆದೆ. ಅವಳು ಕಿಟಕಿಯ ಹತ್ತಿರ ಹಿಡಿದು ನೋಡಿದಳು.

"ಇದನ್ನ ಬರ್ದೋಳಿಗೆ ಕಣ್ಣು ಸರಿ ಇಲ್ಲ ಕಣೋ."

"ಕಣ್ಣು ಸರಿಯಾಗೇ ಇದೆ. ಸಿಟ್ಟು ಅವಳಿಗೆ."

"ಸಿಟ್ಟು ಬಂದ್ರೆ ಕೈ ನಡುಗತ್ತೆ. ಬರೆದ ಸಾಲಿನ ಮೇಲೇ ಮತ್ತೆ ಬರೆಯಲ್ಲ. ನಮ್ಮಮ್ಮ ಕೊನೆಗಾಲದಲ್ಲಿ ಹಿಂಗೇ ಬರೀತಿದ್ಲು, ಇಷ್ಟಿಷ್ಟು ದಪ್ಪ ಅಕ್ಷರ. ನೀನು ಕಿವುಡ ಅಂತ ಗೊತ್ತಿತ್ತು, ಕುರುಡ ಅಂತ ಗೊತ್ತಿರ್ಲಿಲ್ಲ."

ಅವಳನ್ನು ಆಚೆಗೆ ಕಳಿಸಿ ನಿನ್ನ ಕಾಗದಗಳನ್ನೆಲ್ಲ ಸಾಲಾಗಿ ಮೇಜಿನ ಮೇಲಿಟ್ಟೆ. ಜನವರಿಯದಕ್ಕಿಂತ ಫೆಬ್ರವರಿಯ ಅಕ್ಷರ ದೊಡ್ಡದು, ಅದಕ್ಕಿಂತ ಮಾರ್ಚಿನದು ದೊಡ್ಡದು.

ನೇರವಾಗಿ ಕೇಳುತ್ತೇನೆ. ನಿನ್ನ ಕಣ್ಣಿಗೆ ಏನಾಗಿದೆ?

ಏವರ್ಟ್


ಮಾಲ್ಮೊ
೧೨ ಮೇ ೧೯೯೬

ಏವರ್ಟ್,

ನಿನ್ನ ಬೆರಿತ್ ದೀಪದ ವಿಷಯದಲ್ಲಿ ದಡ್ಡಿ, ಇದರಲ್ಲಿ ಅಲ್ಲ.

ನೋಟದ ನಡುಭಾಗ ಹೋಗುತ್ತಿದೆ. ಅಂಚಿನಲ್ಲಿ ಎಲ್ಲ ಇದೆ, ನಟ್ಟನಡುವೆ ಒಂದು ಬೂದು ಮಚ್ಚೆ. ಬಾಗಿಲು ಕಾಣುತ್ತದೆ, ಬೀಗದ ತೂತು ಕಾಣುವುದಿಲ್ಲ. ಯಾರ ಮುಖ ನೋಡಿದರೂ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಇದಕ್ಕೆ ಔಷಧಿ ಇಲ್ಲವಂತೆ. ಡಾಗ್ನಿಗೆ ಹೇಳಲಿಲ್ಲ, ಆಗ ಅವಳದೇ ಅವಳಿಗೆ ಸಾಕಾಗಿತ್ತು. ನಿನಗೆ ಹೇಳಿ ಏನಾಗಬೇಕಿತ್ತು?

ಕಾಫಿಯ ದಿನ ನಾನು ಬಳ್ಳಿಯನ್ನು ನೋಡುತ್ತಿದ್ದೆ ಎಂದು ನೀನು ಬರೆದಿದ್ದೆ. ನಾನು ನಿನ್ನನ್ನೇ ನೋಡುತ್ತಿದ್ದೆ. ಮುಖ ಕಿಟಕಿಯ ಕಡೆ ತಿರುಗಿಸಿದರೆ ಮಾತ್ರ ನೀನು ಕಾಣುತ್ತಿದ್ದೆ, ಕಣ್ಣಿನ ಒಂದು ಮೂಲೆಯಲ್ಲಿ. ಅಕ್ಕನ ಕೊನೆಯ ವಾರದ ಬಗ್ಗೆ ನೀನು ಹೇಳಿದ್ದೆಲ್ಲ ನನಗೆ ನೆನಪಿದೆ. ಅವಳು ಹೆರಿಂಗ್ ಮೀನು ಕೇಳಿದ್ದು, ನೀನು ತಂದಾಗ ಬೇಡ ಎಂದದ್ದು.

ಅಂಚಿನಲ್ಲಿ ನೋಡಿ ಹೂವಿನ ಗೊಂಚಲು ಗುರುತಿಸಬಹುದು. ಪ್ರತಿ ಹೂವಿನ ನಡುವೆ ಇರುವ ಆ ಪುಟ್ಟ ಕೆಂಪು ನಕ್ಷತ್ರ ಗುರುತಿಸಲಾಗುವುದಿಲ್ಲ. ಈ ಬೇಸಿಗೆಯವರೆಗೆ ನಡುನೋಟ ಸ್ವಲ್ಪ ಉಳಿದಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮುಂದಿನದಕ್ಕೆ ಅವರು ತಲೆಯಾಡಿಸಿದರು. ಹೌದೆಂದು ಆಡಿಸಿದರೋ ಅಲ್ಲವೆಂದೋ, ನನಗೆ ಕಾಣಲಿಲ್ಲ.

ಅದಕ್ಕೇ ಈ ಬೇಸಿಗೆ ಎಂದೆ.

ಗುನ್‌ವೋರ್


ಸುಂಡ್ಸ್‌ವಾಲ್
೩೦ ಆಗಸ್ಟ್ ೧೯೯೬

ಗುನ್‌ವೋರ್,

ಬರಲಿಲ್ಲ. ಒಂದು ಮೊಗ್ಗೂ ಇಲ್ಲ.

ಬೇಸಿಗೆಯಿಡೀ ಬರೆಯದಿದ್ದದ್ದು ಅದಕ್ಕೇ. ದಿನಾ ಬೆಳಗ್ಗೆ ನೋಡುವುದು, ಬೈಯುವುದು, ಹೋಗಿ ಸೌದೆ ಸೀಳುವುದು. ನೀನು ಹೇಳಿದ ಮೋಟು ತೊಟ್ಟುಗಳು ಇನ್ನೂ ಕೆಲವು ಉಳಿದಿವೆ. ಒಂದರ ತುದಿ ಜುಲೈಯಲ್ಲಿ ಸ್ವಲ್ಪ ಊದಿದ ಹಾಗೆ ಕಂಡಿತು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಧೂಳು.

ಒಂದು ಹೊಸ ಕುಡಿ ಬಂದಿದೆ. ಎಲೆಯಿಲ್ಲದೆ ಉದ್ದಕ್ಕೆ, ಬರಿಗೈ ಚಾಚಿ ತಡಕಾಡುವ ಹಾಗೆ. ಕತ್ತರಿಸಲಿಲ್ಲ. ದಾರಕ್ಕೆ ಹಚ್ಚಿದೆ, ಹಿಡಿದುಕೊಂಡಿತು.

ತಪ್ಪಾಯಿತು ಎಂದೆಲ್ಲ ಬರೆಯಲು ನನಗೆ ಬರುವುದಿಲ್ಲ. ಸಾಮಿಲ್ಲಿನಲ್ಲಿ ಹಲಗೆ ಅಡ್ಡ ಸೀಳಿಹೋದರೆ ಪಕ್ಕಕ್ಕಿಟ್ಟು ಇನ್ನೊಂದು ದಿಮ್ಮಿ ಎತ್ತುತ್ತಿದ್ದೆವು. ಇಲ್ಲಿ ಇನ್ನೊಂದು ದಿಮ್ಮಿ ಇಲ್ಲ.

ನಿನಗೆ ಬೇಕೆಂದ ತುಂಡು ಈಗ ಕಳಿಸಲೇ? ಹೇಳು.

ಏವರ್ಟ್


ಸುಂಡ್ಸ್‌ವಾಲ್
೮ ಡಿಸೆಂಬರ್ ೧೯೯೬

ಗುನ್‌ವೋರ್,

ನೀನು ಉತ್ತರ ಬರೆದಿಲ್ಲ. ಆದರೂ ತಿಳಿಸುತ್ತೇನೆ, ಈ ಸಲ ಕಮಾನು ಅಟ್ಟದ ಮೇಲಿದೆ. ಕಿಟಕಿ ಕತ್ತಲೆ. ಇಡೀ ರಸ್ತೆಯಲ್ಲಿ ನನ್ನದೊಂದೇ.

ಬೆರಿತ್ ಬಂದಳು. ಕೈಯಲ್ಲಿ ಅವಳದೇ ಒಂದು ಹಳೇ ಕಮಾನು.

"ತಗೋ. ನಿನ್ ಹತ್ರ ಇಲ್ದಿದ್ರೆ."

"ಇದೆ. ಇಡಲ್ಲ."

"ಸತ್ತ ಮನೆ ಥರ ಕಾಣತ್ತೆ ಕಣೋ, ಮುದುಕಾ."

"ಕಾಣ್ಲಿ. ಒಳಗೊಂದು ಜೀವ ಮಲಗಿದೆ, ಎಬ್ಬಿಸ್ಬೇಡ."

ಅವಳು ನನ್ನ ತಲೆ ಕೆಟ್ಟಿದೆ ಎಂದು ತಿಳಿದಳು. ಆಮೇಲೆ ಒಳಗೆ ಬಂದು ಬಳ್ಳಿ ನೋಡಿದಳು, ಬೆಂಕಿಕಡ್ಡಿ ನೋಡಿದಳು. ಕಮಾನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು.

ನೀರು ಹಾಕುತ್ತಿಲ್ಲ. ಬೆರಳು ಚುಚ್ಚಿ ನೋಡುತ್ತೇನೆ, ಬಿಡುತ್ತೇನೆ. ಬರಿ.

ಏವರ್ಟ್


ಮಾಲ್ಮೊ
೨೦ ಏಪ್ರಿಲ್ ೧೯೯೭

ಏವರ್ಟ್,

ಇದನ್ನು ನಾನು ಹೇಳುತ್ತಿದ್ದೇನೆ, ಮನೆಕೆಲಸಕ್ಕೆ ಬರುವ ಹುಡುಗಿ ಬರೆಯುತ್ತಿದ್ದಾಳೆ. ಅಕ್ಷರ ಸಣ್ಣಗಿದೆಯಂತೆ. ಸಂತೋಷಪಡು.

ನಿನ್ನ ಎರಡು ಕಾಗದಗಳನ್ನೂ ಅವಳೇ ಓದಿ ಹೇಳಿದಳು. ಬೇರೆಯವರ ಬಾಯಿಂದ ನಿನ್ನ ಬೈಗುಳ ಕೇಳುವುದು ವಿಚಿತ್ರ, ಅದರಲ್ಲಿ ಖಾರವೇ ಇರುವುದಿಲ್ಲ.

ತುಂಡು ಕಳಿಸಬೇಡ. ನಾನು ಬೆಂಕಿಕಡ್ಡಿ ಯಾವ ಕಡೆಗಿದೆ ಎಂದು ನೋಡಲಾರೆ. ಹೂ ಬಂದರೂ ಬಾರದಿದ್ದರೂ ಇನ್ನು ತಿಳಿಸಬೇಡ. ಬಂದು ನೋಡುವುದಕ್ಕೆ ಏನುಳಿದಿದೆ? ಅಷ್ಟು ದೂರ ರೈಲಿನಲ್ಲಿ ಕೂತು ಬಂದು ನಿನ್ನ ಅಡುಗೆಮನೆಯಲ್ಲಿ ಬೂದು ಮಚ್ಚೆ ನೋಡಬೇಕೆ? ಅದು ನನಗೆ ಇಲ್ಲೇ ಸಿಗುತ್ತದೆ.

ಕಿಟಕಿ ಕತ್ತಲಾಗಿಟ್ಟದ್ದು ಒಳ್ಳೆಯದಾಯಿತು.

ಗುನ್‌ವೋರ್


ಸುಂಡ್ಸ್‌ವಾಲ್
೧೯ ಜೂನ್ ೧೯೯೭

ಗುನ್‌ವೋರ್,

ಆ ಹುಡುಗಿಗೆ ಕೊಡಬೇಡ. ಇದನ್ನು ನೀನೇ ಓದು, ಕಣ್ಣಿನ ಅಂಚಿನಿಂದ. ಮರದ ದಿಮ್ಮಿಗೆ ಗುರುತು ಹಾಕುವ ಕರಿ ಬಳಪದಲ್ಲಿ ಬರೆಯುತ್ತಿದ್ದೇನೆ, ಬೆರಿತ್ ಗೋಡೆಗೆ ಹಚ್ಚಲು ತಂದಿದ್ದ ಕಾಗದದ ಬೆನ್ನ ಮೇಲೆ. ಒಂದೊಂದು ಅಕ್ಷರ ನನ್ನ ಅಂಗೈಯಷ್ಟಿದೆ. ಇದೂ ಕಾಣದಿದ್ದರೆ ನೀನು ಬೇಕೆಂದೇ ನೋಡುತ್ತಿಲ್ಲ.

ಬಿಟ್ಟಿದೆ.

ಒಂದೇ ಗೊಂಚಲು. ಹಳೇ ಮೋಟಿನಿಂದಲೇ.

ಮೊಗ್ಗು ಬಂದಾಗ ಬರೆಯಲಿಲ್ಲ. ಉದುರಿದರೆ ಎಂಬ ಹೆದರಿಕೆ. ಕಿಟಕಿ ಒರೆಸಿಲ್ಲ, ಕುಂಡ ಕದಲಿಸಿಲ್ಲ. ಬೆರಿತ್ ಕೆಮ್ಮಿದರೂ ಹೊರಗೆ ಕಳಿಸಿದೆ.

ಕುಂಡ ಕದಲುವ ಹಾಗಿಲ್ಲ. ಆದ್ದರಿಂದ ನೀನು ಕದಲು. ಸ್ಟೇಷನ್ನಿಗೆ ನಾನು ಬರುತ್ತೇನೆ. ನೀನು ಕರೆದರೆ ನನಗೆ ಕೇಳಿಸುವುದಿಲ್ಲ, ನಾನು ಕೈ ಬೀಸಿದರೆ ನಿನಗೆ ಕಾಣುವುದಿಲ್ಲ. ಗಡಿಯಾರದ ಕೆಳಗೆ ನಿಲ್ಲು, ನಾನೇ ಬಂದು ತೋಳು ಹಿಡಿಯುತ್ತೇನೆ. ಕಿರುಚಬೇಡ.

ಏನು ನೋಡಲು ಬರಲಿ ಎಂದು ನೀನು ಕೇಳಿದ್ದೆ. ಸಂಜೆಯಾದರೆ ವಾಸನೆ ಬಾಗಿಲವರೆಗೂ ಬರುತ್ತದೆ. ಮೇಜಿನ ಮೇಣಬಟ್ಟೆಯ ಮೇಲೆ ಹನಿ ಬಿದ್ದಿದೆ, ನನ್ನ ಪತ್ರಿಕೆ ಅಂಟಿಕೊಂಡು ಹರಿಯಿತು, ಅಂಗಿಯ ತೋಳು ಹಾಳಾಯಿತು.

ಒರೆಸಿಲ್ಲ.

ಏವರ್ಟ್